ಮೊದಲ ದಿನದ ಮಾತು

ಕಾರು ಗಕ್ಕನೆ ಮುಂದಕ್ಕೆ ಜಿಗಿದು ಮತ್ತೆ ಆಫ್ ಆಯಿತು. ಹಿಂದಿನ ಸೀಟಿನಲ್ಲಿದ್ದ ಮೇಷ್ಟ್ರ ಬಲಗಾಲು ತಾನಾಗಿಯೇ ಎದುರಿನ ಸೀಟಿನ ಬುಡವನ್ನು ಒತ್ತಿ ಹಿಡಿಯಿತು. ಅಲ್ಲಿ ಬ್ರೇಕೂ ಇರಲಿಲ್ಲ, ಕ್ಲಚ್ಚೂ ಇರಲಿಲ್ಲ. ಯಾರೋ ಮರೆತುಹೋದ ಕೊಡೆಯೊಂದು ಬಿದ್ದಿತ್ತು, ಅಷ್ಟೆ.

"ಮೇಷ್ಟ್ರೇ, ಕಾಲು," ಎಂದಳು ಮರಿ, ಹಿಂದಕ್ಕೆ ತಿರುಗದೆ.

"ನಾನೇನ್ ಮಾಡ್ದೆ?"

"ನನ್ ಸೀಟಿಗೆ ಬ್ರೇಕ್ ಹಾಕ್ತಿದೀರ. ಬೆನ್ನಿಗೆ ಗೊತ್ತಾಗ್ತಿದೆ."

ಸ್ಟೀರಿಂಗ್ ಹಿಡಿದು ಕೂತಿದ್ದ ಮೇಷ್ಟ್ರ ಹೆಂಡತಿ ಈ ಮಾತಿಗೆ ನಗಲಿಲ್ಲ. ಆಕೆ ಎರಡೂ ಕೈಗಳಿಂದ ಸ್ಟೀರಿಂಗನ್ನು ಅದು ಎಲ್ಲಿ ಓಡಿಹೋಗುತ್ತದೋ ಎಂಬಂತೆ ಅವುಚಿ ಹಿಡಿದಿದ್ದರು. ಸುತ್ತ ಖಾಲಿ ಜಾಗ. ಹಿಂದೊಮ್ಮೆ ಬಿಸ್ಕತ್ತು ಕಾರ್ಖಾನೆಯ ಲಾರಿಗಳು ನಿಲ್ಲುತ್ತಿದ್ದ ಅಂಗಳ ಅದು. ಈಗ ಲಾರಿಯೂ ಇಲ್ಲ, ಕಾರ್ಖಾನೆಯೂ ಇಲ್ಲ. ಸಿಮೆಂಟಿನ ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ಡಿಕ್ಕಿ ಹೊಡೆಯಬೇಕೆಂದರೂ ಹೊಡೆಯಲು ಏನೂ ಸಿಗದ ಜಾಗ ಎಂದು ಹುಡುಕಿ ಮೇಷ್ಟ್ರೇ ಇದನ್ನು ಎಷ್ಟೋ ವರ್ಷಗಳ ಹಿಂದೆ ಗೊತ್ತು ಮಾಡಿದ್ದು.

ಆ ಊರಿನಲ್ಲಿ ಗಾಡಿ ಓಡಿಸುವವರಲ್ಲಿ ಬಹುಪಾಲು ಮಂದಿ ಮೇಷ್ಟ್ರ ಶಿಷ್ಯರು. ಹಲ್ಲು ಕೀಳುವವರು, ಪಾಠ ಹೇಳುವವರು, ಟ್ರಾಫಿಕ್ ಪೊಲೀಸರು, ಎಲ್ಲರೂ ಅವರ ಪಕ್ಕದಲ್ಲಿ ಬೆವರು ಸುರಿಸಿದವರೇ. ಮರಿಯೂ ಹಾಗೆ ಬಂದವಳು. ಈಗ ಅವಳದ್ದೇ ಸ್ವಂತ ಡ್ರೈವಿಂಗ್ ಸ್ಕೂಲು, ತಲೆಯಲ್ಲಿ ನರೆಗೂದಲೂ ಉಂಟು. ಆದರೆ ಮೇಷ್ಟ್ರು ಇಟ್ಟ ಮರಿ ಎಂಬ ಹೆಸರು ಹೋಗಲಿಲ್ಲ. ಅವರಿಗೆ ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದ ಕಣ್ಣಿನ ಡಾಕ್ಟರು ಕೂಡ ಅವರಲ್ಲೇ ಕಲಿತವರು. ಅದನ್ನು ಹೇಳುವಾಗ ಆ ಮನುಷ್ಯ ಗುರುಗಳ ಮುಖ ನೋಡಲಾರದೆ ಮೇಜಿನ ಮೇಲಿನ ಪೆನ್ನು ನೋಡುತ್ತಿದ್ದರು. ಒಮ್ಮೆ ಹಾಳಾದ ಕಣ್ಣಿನ ನರ ಮತ್ತೆ ಸರಿಹೋಗುವುದಿಲ್ಲ, ಇದ್ದ ದೃಷ್ಟಿಯನ್ನು ಕಾಪಾಡಿಕೊಳ್ಳಬೇಕಷ್ಟೆ ಎಂದರು.

ಮೇಷ್ಟ್ರು ಮನೆಗೆ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಎದುರು ನಿಂತು, "ನಾನೇ ನಿಂಗೆ ಗಾಡಿ ಕಲಿಸ್ತೀನಿ," ಎಂದರು. ಊರಿಗೆಲ್ಲ ಕಲಿಸಿ ಮನೆಯವಳಿಗೇ ಕಲಿಸಲಿಲ್ಲವಲ್ಲ ಎಂಬುದು ಆ ಎರಡು ದಿನ ಅವರ ಎದೆಯಲ್ಲಿ ಮುಳ್ಳಿನಂತೆ ಆಡಿತ್ತು. ಕಣ್ಣು ಪೂರ್ತಿ ಮಂಕಾಗುವ ಮೊದಲು ಇದೊಂದನ್ನು ಮಾಡಿ ಮುಗಿಸಬೇಕು ಎಂದು ಅವರಿಗೆ ತುಂಬಾ ಆಸೆಯಾಗಿತ್ತು. ಆಕೆ ದಿಂಬಿನ ಚೀಲದ ಮೂಲೆ ಕೂಡಿಸುತ್ತ, "ಮರೀನ ಕೇಳಿದೀನಿ. ಸೋಮವಾರದಿಂದ ಬನ್ನಿ ಅಂದಿದಾಳೆ," ಎಂದರು.

ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಗೋಗರೆದು, ಹಿಂದಿನ ಸೀಟಿನಲ್ಲಾದರೂ ಕೂರುತ್ತೇನೆ, ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಮಾತು ಕೊಟ್ಟು, ಅಂತೂ ಜತೆಗೆ ಹೊರಟಿದ್ದರು.

ಆಕೆ ಗಂಡನಿಂದ ಗಾಡಿ ಕಲಿಯಲು ಹೋದದ್ದು ಒಂದೇ ಒಂದು ದಿನ. ಮದುವೆಯಾದ ಹೊಸತು. ಆಕೆ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸು. ಸುತ್ತಲ ಹಳ್ಳಿಗಳಿಗೆ ಹೋಗಿ ಬಾಣಂತಿಯರನ್ನೂ ಮುದುಕರನ್ನೂ ನೋಡಿಬರುವ ಕೆಲಸವೊಂದು ಖಾಲಿಯಾಗಿತ್ತು. ಗಾಡಿ ಆಸ್ಪತ್ರೆಯದೇ, ಓಡಿಸಿಕೊಳ್ಳುವುದು ಮಾತ್ರ ತಾವೇ. ವಾರ್ಡಿನ ಫಿನಾಯಿಲ್ ವಾಸನೆಯಿಂದ ಹೊರಗೆ ಬಂದು ಒಬ್ಬಳೇ ರಸ್ತೆಯಲ್ಲಿ ಹೋಗುವುದನ್ನು ನೆನೆದು ಆಕೆ ಆ ವಾರವೆಲ್ಲ ಹಾಡು ಗುನುಗುತ್ತಿದ್ದರು. ಮೇಷ್ಟ್ರು ಇನ್ನೊಬ್ಬ ಶಿಷ್ಯ ಬರುವ ಮುಂಚಿನ ಸ್ವಲ್ಪ ಹೊತ್ತಿನಲ್ಲಿ ಆಕೆಯನ್ನು ಸೀದಾ ಪೇಟೆಯ ರಸ್ತೆಗೇ ಕರೆದುಕೊಂಡು ಹೋದರು. ಹೆಂಡತಿ ತಾನೆ, ಬೇಗ ಕಲಿಯುತ್ತಾಳೆ ಎಂದುಕೊಂಡರೋ ಏನೋ. ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಹಿಂದೆ ಹಾರ್ನುಗಳ ಮೇಲೆ ಹಾರ್ನು. "ತಲೇಲಿ ಏನಿದೆ ನಿಂಗೆ? ಇಳಿ, ಇಳಿ!" ಎಂದು ಕೂಗಿ, ನಡುರಸ್ತೆಯಲ್ಲಿ ಇಳಿಸಿ, ತಾವು ಸ್ಟೀರಿಂಗಿಗೆ ಬಂದರು. ಆಕೆ ಮನೆ ಬರುವವರೆಗೂ ಮಡಿಲಲ್ಲಿ ಕೈಚೀಲ ಅಪ್ಪಿಕೊಂಡು ಕೂತಿದ್ದರು.

ನೆಂಟರು ಸೇರಿದಾಗಲೆಲ್ಲ ಮೇಷ್ಟ್ರು ಈ ಕತೆಯನ್ನು ಬೇರೆ ಥರ ಹೇಳುತ್ತಿದ್ದರು. "ನಮ್ಮವಳು ಗಾಡಿ ಕಲ್ತಿದ್ದು ಒಂದೇ ದಿನ. ಅವತ್ತು ಊರಿನ ಟ್ರಾಫಿಕ್ಕೇ ರಜಾ ಹಾಕ್ತು!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಕೆಯೂ ನಕ್ಕು, ನೀರು ತರುತ್ತೇನೆಂದು ಒಳಗೆ ಹೋಗುತ್ತಿದ್ದರು. ಆಕೆಗೂ ಇದು ತಮಾಷೆಯೇ ಎಂದು ಮೇಷ್ಟ್ರು ಖಂಡಿತವಾಗಿ ನಂಬಿದ್ದರು.

"ಮರೀ, ಕಾಲು ನಡುಗ್ತಿದೆ ಕಣೇ. ಇದು ನನ್ ಕೈಲಿ ಆಗೋದಲ್ಲ. ಈ ವಯಸ್ಸಲ್ಲಿ ನಂಗ್ಯಾಕ್ ಬೇಕಿತ್ತು?" ಎಂದರು ಆಕೆ. ಸ್ಟೀರಿಂಗಿನಿಂದ ಕೈ ತೆಗೆದು ಸೆರಗಿನಲ್ಲಿ ಅಂಗೈ ಒರೆಸಿಕೊಂಡರು.

ಮೇಷ್ಟ್ರು ಬಾಯಿ ತೆರೆದು, ಕೊಟ್ಟ ಮಾತು ನೆನಪಾಗಿ ಮುಚ್ಚಿದರು. ಮರಿ ಕೈ ಚಾಚಿ ಗಾಡಿಯ ಕೀ ಪೂರ್ತಿ ಆಫ್ ಮಾಡಿದಳು. ಆಕೆಯ ಕಡೆಗೆ ಓರೆಯಾಗಿ ತಿರುಗಿ ಕೂತಳು.

"ಮೊದಲ್ನೇ ದಿನ ಏನೇನಾಗುತ್ತೆ ಅಂತ ಹೇಳ್ಬಿಡ್ತೀನಿ, ಕೇಳಿ ಅಮ್ಮಾ. ಗಾಡಿ ನಿಲ್ಲುತ್ತೆ. ಇವತ್ತೆಲ್ಲ ನಿಲ್ಲುತ್ತೆ. ಕಾಲು ನಡುಗುತ್ತೆ, ಬೆನ್ನು ಬೆವರುತ್ತೆ. ಎಡಕ್ಕೆ ಅಂದ್ರೆ ಬಲಕ್ಕೆ ತಿರುಗಿಸ್ತೀರ. ಹಿಂದಿನೋನು ಹಾರ್ನ್ ಹೊಡೀತಾನೆ. ಹೊಡೀಲಿ ಬಿಡಿ, ಅವ್ನೇನ್ ಹೊಟ್ಟೇಲಿದ್ದಾಗ್ಲೇ ಕಲ್ತ್ಕೊಂಡ್ ಬಂದಿದ್ನಾ? ಗಾಡಿ ನಿಂತ್ರೆ ಅದು ತಪ್ಪಲ್ಲ. ನಿಮ್ ಕಾಲು ಅದರ ಪರಿಚಯ ಮಾಡ್ಕೊಳ್ತಿದೆ, ಅಷ್ಟೆ. ಈ ಕಡೆ ನಾನಿದೀನಿ, ನನ್ ಕಾಲ್ಕೆಳಗೂ ಒಂದು ಬ್ರೇಕಿದೆ. ಹೆದ್ರೋದು ನನ್ ಕೆಲ್ಸ. ನಿಮ್ದಲ್ಲ."

ಮೊದಲ ವಾಕ್ಯಕ್ಕೇ ಮೇಷ್ಟ್ರು ನೆಟ್ಟಗೆ ಕೂತಿದ್ದರು. ಮುಂದಿನ ಮಾತು ಏನೆಂದು ಅವರಿಗೆ ಗೊತ್ತಿತ್ತು. ಅದರ ಮುಂದಿನದೂ ಗೊತ್ತಿತ್ತು. ಇಲ್ಲಿಗೇ ನಿಲ್ಲಿಸಿಬಿಡಲಿ ಎಂದು ಅವರು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದರು.

ಆಕೆಯ ಭುಜಗಳು ಸಡಿಲವಾದವು. "ಎಷ್ಟ್ ಚೆನ್ನಾಗ್ ಹೇಳ್ತೀಯೇ," ಎಂದರು. "ಅರ್ಧ ಭಯ ಹೋಯ್ತು ನೋಡು."

"ಅಯ್ಯೋ, ನಂದೆಲ್ಲಿ ಬಂತಮ್ಮಾ ಇದು? ಮೇಷ್ಟ್ರದ್ದು! ನಾನು ಮೊದಲ್ನೇ ದಿನ ಇದೇ ಅಂಗಳದಲ್ಲಿ ಗೊಳೋ ಅಂತ ಅತ್ತಿದ್ದೆ. ಆಗ ಹೇಳಿದ್ರು. ಎಲ್ರಿಗೂ ಹೇಳೋರು. ನಾನು ಒಂದಕ್ಷರ ಬದಲಾಯಿಸಿಲ್ಲ. ನೀವು ಕೇಳೇ ಇರ್ತೀರಲ್ಲ?"

ಆಕೆ ತಲೆಯೆತ್ತಿ ಎದುರಿನ ಕನ್ನಡಿಯಲ್ಲಿ ಗಂಡನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು.

"ಎಲ್ರಿಗೂ ಹೇಳ್ತಿದ್ರಾ?"

"ಅದು... ಕಲಿಯೋಕ್ ಬಂದೋರಿಗೆ ಹೇಳ್ಬೇಕಾಗುತ್ತಲ್ಲ. ನನ್ ಕೆಲ್ಸವೇ ಅದು."

"ನಾನೂ ಕಲಿಯೋಕೇ ಬಂದಿದ್ದೆ."

ಮರಿಗೆ ತಾನು ಎಲ್ಲಿ ಕಾಲಿಟ್ಟೆನೆಂದು ಆಗ ತಿಳಿಯಿತು. ಅವಳು ಕಿಟಕಿಯ ಆಚೆ ನೋಡತೊಡಗಿದಳು. ಮೇಷ್ಟ್ರು ಕಾಲ ಬಳಿಯ ಕೊಡೆಯನ್ನು ಪಕ್ಕಕ್ಕೆ ಸರಿಸಿದರು.

"ಅವತ್ತು ಟೈಮಿರ್ಲಿಲ್ಲ ಕಣೆ. ನಿಂಗೂ ಅವಸರ ಇತ್ತು, ಆ ಹಳ್ಳಿ ಕೆಲ್ಸಕ್ಕೆ ಅಂತ. ಎಷ್ಟ್ ಅವಸರ ಮಾಡಿದ್ರೂ ಏನ್ ಬಂತು? ಕೊನೇಗೆ ಅದು ಬೇರೆಯೋರಿಗೇ ಹೋಯ್ತಲ್ಲ."

"ಬೇರೆಯೋರಿಗೆ ಹೋಗ್ಲಿಲ್ಲ," ಎಂದರು ಆಕೆ. ದನಿಯಲ್ಲಿ ಏರಿಳಿತ ಇರಲಿಲ್ಲ. "ನಂಗೇ ಸಿಕ್ಕಿತ್ತು. ಮಾರನೇ ದಿನ ಹೋಗಿ ನಾನೇ ಬೇಡ ಅಂದ್ ಬಂದೆ. ಗಾಡಿ ಓಡ್ಸೋಕೆ ನನ್ ಕೈಲಾಗಲ್ಲ ಅಂದೆ. ದೊಡ್ಡ ನರ್ಸಮ್ಮ, ಕಲ್ತ್ಕೋ, ಇನ್ನೂ ತಿಂಗ್ಳು ಟೈಮಿದೆ ಅಂದ್ರು. ಇಲ್ಲ ಮೇಡಂ, ನಂಗೆ ತಲೆ ಇಲ್ಲ ಅಂದೆ."

ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಆ ಸಂಜೆ ಆಕೆ ಕೆಲಸ ಬೇರೆಯವರಿಗೆ ಹೋಯಿತು ಎಂದಾಗ, "ಬಿಡು, ಒಳ್ಳೇದೇ ಆಯ್ತು. ಊರೂರು ಅಲೆಯೋದು ತಪ್ತು," ಎಂದು ಸಮಾಧಾನ ಹೇಳಿದ್ದರು. ಆಮೇಲೆ ನಿವೃತ್ತಿಯವರೆಗೂ ಆಕೆ ಅದೇ ವಾರ್ಡಿನಲ್ಲಿ ಕಾಲು ಬಾತುಕೊಳ್ಳುವಷ್ಟು ನಿಂತರು. ಡ್ಯೂಟಿ ಮುಗಿಯುವ ಹೊತ್ತಿಗೆ ಮೇಷ್ಟ್ರು ತಪ್ಪದೆ ಆಸ್ಪತ್ರೆಯ ಗೇಟಿನ ಮುಂದೆ ಕಾರು ತಂದು ನಿಲ್ಲಿಸುತ್ತಿದ್ದರು. ಜತೆಯ ನರ್ಸುಗಳು ನಿನ್ನ ಪುಣ್ಯ ಕಣೇ ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡು, ತನ್ನಂಥ ಗಂಡ ಊರಲ್ಲಿ ಇನ್ನೊಬ್ಬನಿಲ್ಲ ಎಂದು ಮೇಷ್ಟ್ರು ಒಳಗೊಳಗೇ ಹಿಗ್ಗುತ್ತಿದ್ದರು. ಈಗ ಆ ಹಿಗ್ಗನ್ನು ನೆನೆದು ಅವರಿಗೆ ನಾಚಿಕೆಯಾಯಿತು. ಎಲ್ಲಾದರೂ ಇಳಿದು ಹೋಗಿಬಿಡಬೇಕು ಅನ್ನಿಸಿತು.

"ಒಂದ್ ಮಾತು ಹೇಳ್ಬಹುದಿತ್ತಲ್ಲ ನಂಗೆ," ಎಂದರು. ಅವರ ದನಿ ಅವರಿಗೇ ಕೇಳಿಸಲಿಲ್ಲ.

"ನಂಗೆ ನಿಜವಾಗ್ಲೂ ತಲೆ ಇಲ್ಲ ಅಂತಾನೇ ಅಂದ್ಕೊಂಡಿದ್ದೆ. ಎಲ್ರನ್ನೂ ನೀವು ಹೀಗೇ ಬೈದು ಕಲಿಸ್ತೀರ, ಅವ್ರೆಲ್ಲ ತಡ್ಕೊಂಡ್ರು, ನಂಗೆ ಆಗ್ಲಿಲ್ಲ ಅಂತ." ಆಕೆ ಕೈಗಳನ್ನು ಮತ್ತೆ ಸ್ಟೀರಿಂಗಿನ ಮೇಲಿಟ್ಟರು. "ಹೋಗ್ಲಿ ಬಿಡಿ. ಮರೀ, ಈಗೇನ್ ಮಾಡ್ಬೇಕು ಹೇಳು."

"ಕ್ಲಚ್ ಒತ್ತಿ ಅಮ್ಮಾ. ಪೂರ್ತಿ ಒತ್ತಿ. ಈಗ ಸ್ಟಾರ್ಟ್ ಮಾಡಿ. ಫಸ್ಟ್ ಗೇರ್ ಹಾಕಿ. ಕಾಲನ್ನ ನಿಧಾನಕ್ಕೆ, ನಿಧಾನಕ್ಕೆ ಬಿಡಿ."

ಕಾರು ನಡುಗಿತು, ಒಂದು ಮಾರು ಹೋಯಿತು, ನಿಂತಿತು. ಮೇಷ್ಟ್ರು ಮುಂದಕ್ಕೆ ಬಾಗಿ ಎರಡು ಸೀಟುಗಳ ನಡುವೆ ತಲೆ ತೂರಿಸಿದರು. ಕೊಟ್ಟ ಮಾತು ಈಗ ನೆನಪಿಗೆ ಬರಲಿಲ್ಲ.

"ಪರವಾಗಿಲ್ಲ ಕಣೆ. ನಿಲ್ಲುತ್ತೆ. ನಿಂತ್ರೆ ತಪ್ಪಲ್ಲ. ಹೆದ್ರೋದು ನನ್..." ಎಷ್ಟೋ ಜನರಿಗೆ ಉಸಿರಾಡಿದಷ್ಟು ಸಲೀಸಾಗಿ ಹೇಳಿದ್ದ ಮಾತು. ಉಳಿದರ್ಧ ಬಾಯಿಗೆ ಬರಲೇ ಇಲ್ಲ. ಅವರು ಹಿಂದಕ್ಕೆ ಒರಗಿ ಕೂತರು.

ಆಕೆ ಒಂದು ಗಳಿಗೆ ಕಾದರು. ಆಮೇಲೆ ಕೀಯ ಮೇಲೆ ಕೈಯಿಟ್ಟು, "ಮರೀ, ಈ ಕನ್ನಡಿ ಸ್ವಲ್ಪ ತಿರುಗಿಸ್ಕೊಳ್ಲಾ? ಬರೀ ಇವ್ರ ಮುಖಾನೇ ಕಾಣ್ತಿದೆ," ಎಂದರು.

"ತಿರುಗಿಸ್ಕೊಳ್ಳಿ ಅಮ್ಮಾ. ಹಿಂದಿನ ಗಾಜು ಪೂರ್ತಿ ಕಾಣ್ಬೇಕು."

ಆಕೆ ಬೆರಳ ತುದಿಯಿಂದ ಕನ್ನಡಿಯನ್ನು ಸರಿಸಿದರು. ಅದರಲ್ಲಿ ಹೆಂಡತಿಯ ಕಣ್ಣುಗಳಿದ್ದ ಕಡೆ ಮೇಷ್ಟ್ರಿಗೆ ಈಗ ಆಕೆಯ ಪಕ್ಕದ ಕಿಟಕಿ, ಕಿಟಕಿಯಾಚೆ ಅಂಗಳದ ಅಂಚಿನ ಗೋಡೆ ಕಾಣತೊಡಗಿದವು. ಇಂಜಿನ್ ಹೊತ್ತಿಕೊಂಡಿತು. ಗೋಡೆ ಮೆಲ್ಲಗೆ ಅಲುಗಿ, ಎಲ್ಲೂ ತಡೆಯದೆ, ಹಿಂದಕ್ಕೆ ಸರಿಯಲು ಶುರುವಾಯಿತು.