ನಡೆಯದೆ ಘಾರಾಪುರಿ

ಚಹಾ, ಬೆಳಗಿನಿಂದ ಕುದಿದು ತಳ ಹಿಡಿದ ಚಹಾ, ಸಮುದ್ರದ ಬಣ್ಣ ಅದೇ, ಮುಂದೆ ಹೋದ ಹಾಗೆ ನೀರು ಹಸಿರಾಗುತ್ತದೆ ಎಂದು ಅಮ್ಮ ಹೇಳಿದ್ದಳು, ಗೇಟ್‌ವೇ ಹಿಂದೆ ಬಿದ್ದು ಎಷ್ಟೋ ಹೊತ್ತಾಯಿತು, ಆಗಿಲ್ಲ, ಆಗುವುದೂ ಇಲ್ಲ, ಇಷ್ಟು ಲಾಂಚುಗಳು ಹಗಲಿಡೀ ಕದಡುತ್ತಿದ್ದರೆ ಕೆಸರು ತಳಕ್ಕೆ ಕೂರುವುದು ಯಾವಾಗ, ಲ್ಯಾಬಿನಲ್ಲಾದರೆ ಒಂದು ಬೀಕರಿನಲ್ಲಿ ಹಿಡಿದು ಅಲುಗಾಡಿಸದೆ ಮೂಲೆಯಲ್ಲಿಡುತ್ತಿದ್ದೆ — ಮತ್ತೆ ಅದೇ ವಾಸನೆ, ಸಮುದ್ರದ್ದಲ್ಲ, ನನ್ನದು, ಬಿಸಿಲು ಬಿದ್ದಷ್ಟೂ ನನ್ನ ಎಡಗಾಲಿನ ಬ್ಯಾಂಡೇಜಿನಿಂದ ಚಹಾದ ವಾಸನೆ ಏಳುತ್ತಿದೆ. ಅಂಗಡಿಯಿಂದ ತಂದ ಹೊಸ ಕ್ರೇಪ್ ಬ್ಯಾಂಡೇಜು ತೀರಾ ಹೊಸದಾಗಿತ್ತು, ಹದಿನೈದು ದಿನದ ಹಿಂದೆ ಕಾಲು ಉಳುಕಿಸಿಕೊಂಡವಳ ಬ್ಯಾಂಡೇಜು ಇಷ್ಟು ಬಿಳಿಯಾಗಿ ಇರುವುದುಂಟೇ, ಅಮ್ಮ ಯೋಚಿಸಿ ಯೋಚಿಸಿ ಅದನ್ನು ಚಹಾದ ಕಷಾಯದಲ್ಲಿ ಅದ್ದಿದಳು, ಹಿಂಡಿ ಮುಲುಂಡಿನ ಮನೆಯ ಕಿಟಕಿಯ ಗ್ರಿಲ್‌ನಲ್ಲಿ ಒಣಹಾಕಿದಳು, ಹೋಟೆಲಿನವರ ಮನೆಯಲ್ಲಿ ಹುಟ್ಟಿದವಳು, ಯಾವ ಕಲೆ ಎಷ್ಟು ದಿನದ್ದರಂತೆ ಕಾಣುತ್ತದೆ ಎಂದು ಅವಳಿಗೆ ಗೊತ್ತು. ನನ್ನ ಕಾಲು ಉಳುಕಿಲ್ಲ. ಪೆಟ್ಟಾದದ್ದು ಸೊಂಟಕ್ಕೆ, ಎಂಟು ವರ್ಷದ ಹಿಂದೆ, ಘಾಟ್ಕೋಪರಿನಲ್ಲಿ, ಲೋಕಲ್ ರೈಲು ಹೊರಟಾಗಿತ್ತು, ನಾನು ಹತ್ತಿದೆ, ಹತ್ತಲಿಲ್ಲ, ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವೆ ಒಂದು ಸಂದು, ಕಪ್ಪು, ಅಗಲವೇನಲ್ಲ, ಒಬ್ಬಳು ಹೆಂಗಸಿನಷ್ಟು ಅಗಲ, ಅದು ನನ್ನ ಎದುರು ತೆರೆದುಕೊಂಡದ್ದು — ಬೇಡ. ಎದುರಿನ ಬೆಂಚಿನಲ್ಲಿ ನನ್ನನ್ನು ನೋಡಲು ಬಂದ ಹುಡುಗ, ಸುಕೇಶ್, ಕೂತಿದ್ದಾರೆ, ದಾದರಿನಲ್ಲಿ ಅವರದ್ದು ರೆಸ್ಟೋರೆಂಟು, ವಾಕರಿಕೆ ಬಂದರೆ ಎಂದು ನಿಂಬೆಯ ಪೆಪ್ಪರ್ಮಿಂಟು ಕೊಟ್ಟರು, ಒಳ್ಳೆಯವರಿರಬೇಕು, ಪಕ್ಕದಲ್ಲಿ ಅವರ ತಾಯಿ ವನಜಕ್ಕ, ಹಿಂದೆ ಹಾರಿ ಬರುವ ಬಿಳಿ ಹಕ್ಕಿಗಳಿಗೆ ಚಿಪ್ಸ್ ಎಸೆಯುತ್ತ, ಎಸೆಯದಾಗ ನನ್ನನ್ನು ನೋಡುತ್ತ. ನಾನು ಕೂತಿದ್ದೇನೆ. ಕೂತಾಗ ನಾನು ಎಲ್ಲರ ಹಾಗೆ ಇದ್ದೇನೆ.

ಕೂತೇ ಇರುವ ಹಾಗೆ ಮಾಡುವುದೇ ಅಮ್ಮನ ಯೋಜನೆ. ಸೀನ ಮಾವ ಈ ಸಂಬಂಧ ತಂದಾಗ ಹುಡುಗನ ವಿಷಯವನ್ನು ಒಂದೇ ಫೋನಿನಲ್ಲಿ ಹೇಳಿ ಮುಗಿಸಿದ, ಒಂದು ಮದುವೆ ಆಗಿತ್ತು, ವರ್ಷ ತುಂಬುವುದರೊಳಗೆ ಬಿಟ್ಟಾಯ್ತು, ಅದೆಂತ ದೊಡ್ಡ ವಿಷಯ ಅಲ್ಲ ಅಕ್ಕಾ, ಗಂಡಸರದ್ದು ಹಾಗೆ, ಒಂದು ವಾಕ್ಯದಲ್ಲಿ ಹೇಳಬಹುದು, ನನ್ನದನ್ನು ಮುಚ್ಚಲು ಘಾರಾಪುರಿಯಂಥ ಒಂದು ದ್ವೀಪವೇ ಬೇಕಾಯಿತು. ಮನೆಗೆ ಕರೆಯುವ ಹಾಗಿಲ್ಲ, ಮನೆಗೆ ಕರೆದರೆ ಹುಡುಗಿ ಟ್ರೇ ಹಿಡಿದುಕೊಂಡು ಅಡಿಗೆಮನೆಯಿಂದ ಹಾಲಿನವರೆಗೆ ನಡೆದು ಬರಬೇಕು, ಕಪ್ಪಿನಲ್ಲಿ ಚಹಾ ತುಳುಕುತ್ತದೆ, ತುಳುಕಿದ್ದು ಕಾಣುತ್ತದೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಬೇಕು. ಮಾಲ್ ಅಂದರೆ ನಡೆಯಲಿಕ್ಕೆಂದೇ ಕಟ್ಟಿದ್ದು. ಅಮ್ಮ ಒಂದು ಮಂಗಳವಾರ ಸೀನ ಮಾವನನ್ನು ಹೊರಡಿಸಿಕೊಂಡು ತಾನೇ ಇಲ್ಲಿಗೆ ಬಂದು ನೋಡಿ ಹೋದಳು, ತನಿಖೆಗೆ ಬಂದ ಅಧಿಕಾರಿಯ ಹಾಗೆ, ಸಂಜೆ ಚಪ್ಪಲಿ ಬಿಚ್ಚುವ ಮೊದಲೇ ಹೇಳಿದಳು, ಒಂದು ಹೆಜ್ಜೆ ನಡೀಲಿಕ್ಕಿಲ್ಲ ಮಾರಾಯ್ತಿ, ಬೋಟಿಂದ ಇಳಿ, ಟ್ರೇನಿಗೆ ಹತ್ತು, ಟ್ರೇನಿಂದ ಇಳಿ, ಕುರ್ಚಿಯಲ್ಲಿ ಕೂತ್ಕೊ, ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ ಗುಹೆಯವರೆಗೆ, ಮಹಾರಾಣಿ ಹಾಗೆ. ಅವಳ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಬೆಳಕು. ಅಮ್ಮಾ, ಹೇಳಿಬಿಡುವ, ಎಂದೆ. ಹೇಳುವ, ಅವಳೆಂದಳು, ಮೊದಲು ಹುಡುಗ ನಿನ್ನನ್ನು ನೋಡ್ಲಿ, ಮಾತಾಡ್ಲಿ, ಇಷ್ಟ ಆಗ್ಲಿ, ಮತ್ತೆ ಹೇಳುವ, ಮೊದಲೇ ಹೇಳಿದ್ರೆ ನಿನ್ನನ್ನು ಯಾರು ನೋಡ್ತಾರೆ, ಸೊಂಟವನ್ನೇ ನೋಡುದು ಎಲ್ಲ. ಮೊದಲೇ ಹೇಳಿದ ಮೂರು ಮನೆಗಳಿಂದ ಯಾರೂ ಬಂದಿರಲಿಲ್ಲ. ನಾನೂ ಒಪ್ಪಿದೆ. ಮೂವತ್ತಮೂರರಲ್ಲಿ ಒಪ್ಪುವುದು ಸುಲಭ.

ಒಪ್ಪಿದ ಮೇಲೆ ಸರಿಯಾಗಿ ಮಾಡಬೇಕಲ್ಲ, ಅರ್ಧಂಬರ್ಧ ಕೆಲಸ ನನಗೆ ಆಗುವುದಿಲ್ಲ, ಉಳುಕಿದ ಕಾಲಿನ ನಡಿಗೆ ಬೇರೆ, ಸೊಂಟದ ನಡಿಗೆ ಬೇರೆ, ಉಳುಕಿದವರು ನೋಯುವ ಪಾದವನ್ನು ಊರಿದ ಕೂಡಲೇ ಎತ್ತಿಬಿಡುತ್ತಾರೆ, ಬಿಸಿ ಹಂಚಿನ ಮೇಲೆ ಇಟ್ಟವರ ಹಾಗೆ, ಸೊಂಟದವರದ್ದು ಹಾಗಲ್ಲ, ಎಡಗಾಲಿನ ಮೇಲೆ ಭಾರ ಬಿದ್ದ ಕ್ಷಣ ಬಲಗಡೆ ಕುಸಿಯುತ್ತದೆ, ಕುಸಿಯದಂತೆ ಮೈ ಇಡೀ ಎಡಕ್ಕೆ ವಾಲುತ್ತದೆ, ತಕ್ಕಡಿಯ ಹಾಗೆ, ಪ್ರತಿ ಹೆಜ್ಜೆಗೂ ತೂಗಿ ತೂಗಿ. ವಾರವಿಡೀ ಪ್ಯಾಸೇಜಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ, ನಿಜದ ಕುಂಟನ್ನು ಮುಚ್ಚಲಿಕ್ಕೆ ಸುಳ್ಳು ಕುಂಟು, ಒಂದರ ಮೇಲೆ ಒಂದು ಹೊದಿಸಿ, ಕನ್ನಡಿಯಲ್ಲಿ ನೋಡಿ ತಿದ್ದಿ, ಪರವಾಗಿಲ್ಲ ಅನ್ನುವಷ್ಟು ಬಂತು. ನಗು ಬರಬೇಕಿತ್ತು, ಬರಲಿಲ್ಲ.

ದ್ವೀಪ ಬಂತು, ಬೆಳಗಿನ ಮೊದಲ ಬೋಟುಗಳಲ್ಲಿ ನಮ್ಮದೂ ಒಂದು, ನೇರ ಜೆಟ್ಟಿಗೆ ಬಂದು ತಾಗಿತು, ಮೆಟ್ಟಿಲಿಗೂ ಬೋಟಿಗೂ ಎತ್ತರ ಸಮ, ಬೋಟಿನವನು ರಟ್ಟೆ ಹಿಡಿದು ಇಳಿಸಿದ, ಎಲ್ಲರನ್ನೂ ಹಾಗೇ ಇಳಿಸುತ್ತಿದ್ದ, ಅಮ್ಮ ನನ್ನತ್ತ ನೋಡಿದ ನೋಟ, ನಾನು ಹೇಳಲಿಲ್ವಾ ಎಂಬ ನೋಟ. ಪುಟಾಣಿ ರೈಲು, ಬಣ್ಣ ಬಳಿದ ತೆರೆದ ಡಬ್ಬಿಗಳು, ಮಕ್ಕಳ ಕಿರುಚಾಟ, ನೀರಿನ ಮೇಲೆ ಚಾಚಿದ ದಾರಿಯಲ್ಲಿ ನಡೆಯುವವರು ನಮಗಿಂತ ಬೇಗ ಹೋಗುತ್ತಿದ್ದಾರೆ, ವನಜಕ್ಕ ನನ್ನ ಎದುರೇ ಕೂತರು, ಕಾಲು ಹೇಗಾಯ್ತು ಮಗಾ ಇದು. ಆಫೀಸಿನ ಮೆಟ್ಟಿಲಲ್ಲಿ ಜಾರಿತು ಆಂಟಿ. ಪಾಪ, ಎಡಗಾಲಾ. ಹೌದು. ನೋವುಂಟಾ ಈಗ. ಸ್ವಲ್ಪ. ಅವರ ದನಿಯಲ್ಲಿ ಏನೂ ಇರಲಿಲ್ಲ, ಡಾಕ್ಟರು ಕೇಳುವಾಗ ಇರುವಷ್ಟೇ. ಸುಕೇಶ್ ಹೊರಗೆ ನೋಡುತ್ತಿದ್ದರು, ಕೆಸರಿನಲ್ಲಿ ಬೇರು ಊರಿ ನಿಂತ ಗಿಡಗಳನ್ನು, ಆಮೇಲೆ ಏನೋ ನೆನಪಾದವರಂತೆ ನನ್ನ ಕೆಲಸದ ಬಗ್ಗೆ ಕೇಳಿದರು, ಔಷಧದ ಮಾತ್ರೆಯಲ್ಲಿ ಹೇಳಿದಷ್ಟು ಔಷಧ ಇದೆಯಾ ಎಂದು ನೋಡುವುದು ಎಂದೆ. ಇಲ್ಲದಿದ್ರೆ. ಇಡೀ ಬ್ಯಾಚ್ ವಾಪಸ್ಸು. ಅವರು ನಕ್ಕರು, ಡೇಂಜರಸ್ ಜಾಬ್, ನಮ್ಮ ಸಾಂಬಾರಿಗೆ ನಿಮ್ಮನ್ನು ಕರೆಯುವ ಹಾಗಿಲ್ಲ. ನಾನೂ ನಕ್ಕೆ, ಆ ನಗು ಅಭ್ಯಾಸ ಮಾಡಿದ್ದಲ್ಲ, ಒಂದು ಗಳಿಗೆ ಬ್ಯಾಂಡೇಜು ಮರೆತುಹೋಯಿತು, ಇದು ಆಗಬಹುದು ಅನ್ನಿಸಿತು, ಇವರ ಜೊತೆ ಒಂದು ಮನೆಯಲ್ಲಿ, ಬೆಳಿಗ್ಗೆ, ಇಂಥ ಹಗುರ ಮಾತು, ಆಗಬಹುದು, ಆ ಅನ್ನಿಸಿದ್ದನ್ನು ಈಗ ಎಲ್ಲಿಡಲಿ.

ಮೆಟ್ಟಿಲ ಬುಡದಲ್ಲಿ ಡೋಲಿಯವರು ಮುತ್ತಿದರು, ಎರಡು ಬೊಂಬುಗಳಿಗೆ ಕಟ್ಟಿದ ಮರದ ಕುರ್ಚಿ, ವನಜಕ್ಕನಿಗೆ ಮಂಡಿನೋವು, ಅವರಿಗೊಂದು, ನನಗೊಂದು, ನನಗೇನೂ ಬೇಡ ಆಂಟಿ ಎಂದು ಹೇಳಬೇಕೆಂದು ಮನೆಯಲ್ಲೇ ತೀರ್ಮಾನವಾಗಿತ್ತು, ಹೇಳಿದೆ, ಅಮ್ಮ ಒತ್ತಾಯಿಸಬೇಕೆಂದೂ ತೀರ್ಮಾನವಾಗಿತ್ತು, ಒತ್ತಾಯಿಸಿದಳು. ಪೀಛೆ ಹೋಕೆ ಬೈಠೊ ದೀದಿ, ಹೊರುವವನೊಬ್ಬ ಅಂದ, ಹಿಂದೆ ಒರಗಿ ಕೂತೆ. ನೆಲ ಕೆಳಗೆ ಹೋಯಿತು, ಎರಡೂ ಕಡೆ ಅಂಗಡಿಗಳ ನೀಲಿ ತಾಡಪಾಲು, ಕಲ್ಲಿನ ಆನೆ, ಶಂಖದ ಸರ, ಹೆಗಲ ಮೇಲೆ ಹೊತ್ತವರ ಬೆವರು, ಅವರು ನಾಲ್ವರೂ ಒಂದೇ ಹೆಜ್ಜೆ ಹಾಕುವುದಿಲ್ಲ, ಬೇಕೆಂದೇ ಬೇರೆ ಬೇರೆ ಹಾಕುತ್ತಾರೆ, ಒಟ್ಟಿಗೆ ಹಾಕಿದರೆ ಕುರ್ಚಿ ತೂಗುತ್ತದೆ, ಒಬ್ಬೊಬ್ಬನೂ ಒಂದೊಂದು ಥರ ವಾಲುತ್ತಾನೆ, ಅದನ್ನು ಯಾರೂ ಕುಂಟು ಅನ್ನುವುದಿಲ್ಲ. ಪಕ್ಕದಲ್ಲಿ ಅಮ್ಮ ಏದುಸಿರು ಬಿಡುತ್ತ ಹತ್ತುತ್ತಿದ್ದಾಳೆ, ಅರವತ್ತು ದಾಟಿದವಳು, ಒಂದು ಕೈ ನನ್ನ ಕುರ್ಚಿಯ ಬೊಂಬಿನ ಮೇಲೆ, ಅವಳೂ ಹೊರುತ್ತಿದ್ದಾಳೆ ಎಂಬ ಹಾಗೆ, ಸಿಟ್ಟು ಬಂತು, ಸಿಟ್ಟಿನ ಒಳಗೆ ಇನ್ನೇನೋ ಬಂತು, ಅದನ್ನು ಮುಂದೆ ಬರಲು ಬಿಡಲಿಲ್ಲ. ಇಳಿಯುವಾಗ ಬ್ಯಾಂಡೇಜಿನ ಕ್ಲಿಪ್ಪು ಎಲ್ಲೋ ಬಿದ್ದಿತ್ತು, ಅಮ್ಮ ಬಗ್ಗಿ ತುದಿಯನ್ನು ಸುತ್ತಿನ ಒಳಗೆ ಸಿಕ್ಕಿಸಿದಳು, ಸಾಕು, ಇನ್ನು ಸ್ವಲ್ಪ ಹೊತ್ತಲ್ವಾ.

ಗುಹೆಯಲ್ಲಿ ತಂಪು, ಬಾವಲಿಯ ವಾಸನೆ, ಮೂರು ಮುಖದ ದೊಡ್ಡ ಶಿವ ಕಣ್ಣು ಮುಚ್ಚಿಕೊಂಡಿದ್ದಾನೆ, ಅದೊಂದು ಒಳ್ಳೆಯದು, ಅವನು ನೋಡುವುದಿಲ್ಲ. ವನಜಕ್ಕ ಒಂದು ಕಂಬದ ಬುಡದಲ್ಲಿ ಕೂತರು, ಮೊಬೈಲು ತೆಗೆದರು, ಶ್ರಾವ್ಯಾ, ಆ ಕಂಬದ ಹತ್ತಿರ ನಿಂತ್ಕೊ ಮಗಾ, ಚಂದ ಬೆಳಕುಂಟು, ನಾನು ಹೋದೆ, ಉಳುಕಿದ ನಡಿಗೆಯಲ್ಲಿ, ಬಿಸಿ ಹಂಚು, ಬಿಸಿ ಹಂಚು, ಎಂದು ಒಳಗೊಳಗೇ ಹೇಳಿಕೊಳ್ಳುತ್ತ. ಅಲ್ಲಿ ಬೇಡ, ಆಚೆ ಕಂಬ. ಹೋದೆ. ಈಗ ಇತ್ತ ಬಾ, ಹಾಗೇ ಬಾ, ನನ್ನ ಕಡೆ ನೋಡ್ಬೇಡ, ನ್ಯಾಚುರಲ್ ಬರ್ಲಿ. ಫೋಟೋ ತೆಗೆಯುವವರು ಮೊಬೈಲನ್ನು ಅಷ್ಟು ಹೊತ್ತು ಹಿಡಿಯುವುದಿಲ್ಲ, ನಡೆಯುವವರ ಜೊತೆ ಅದು ಹಾಗೆ ಮೆಲ್ಲಗೆ ತಿರುಗುವುದಿಲ್ಲ, ಅದು ಆಗಲೇ ಹೊಳೆಯಬೇಕಿತ್ತು, ಸಣ್ಣ ವ್ಯತ್ಯಾಸ ಹಿಡಿಯುವುದಕ್ಕೇ ಸಂಬಳ ತೆಗೆದುಕೊಳ್ಳುವ ನನಗೆ ಹೊಳೆಯಲಿಲ್ಲ, ನಾನು ನನ್ನ ಕಾಲನ್ನು ನೋಡುತ್ತಿದ್ದೆ.

ಹೊತ್ತಿಳಿದ ಮೇಲೆ ಮತ್ತೆ ಕುರ್ಚಿ, ಮತ್ತೆ ರೈಲು, ಎಲ್ಲ ಅಮ್ಮ ಹೇಳಿದ ಹಾಗೆ, ಇನ್ನೊಂದೇ ಬೋಟು, ಆಮೇಲೆ ಗೇಟ್‌ವೇ, ಟ್ಯಾಕ್ಸಿ — ಜೆಟ್ಟಿಯ ತುದಿಯಲ್ಲಿ ಅಮ್ಮ ನಿಂತುಬಿಟ್ಟಳು. ಭಾನುವಾರದ ಸಂಜೆ, ಊರಿಡೀ ಹಿಂದಿರುಗುವ ಹೊತ್ತು, ಬೋಟುಗಳು ಒಂದರ ಪಕ್ಕ ಒಂದು, ಅದರ ಪಕ್ಕ ಇನ್ನೊಂದು, ಹಗ್ಗ ಬಿಗಿದು ನಿಂತಿವೆ, ಹೊರಡುವುದು ಎಲ್ಲಕ್ಕಿಂತ ಹೊರಗಿನದು, ಜನ ಮೊದಲ ಬೋಟಿಗೆ ಇಳಿದು, ಅದನ್ನು ದಾಟಿ ಎರಡನೆಯದಕ್ಕೆ ಕಾಲಿಟ್ಟು, ಮೂರನೆಯದಕ್ಕೆ ಹೋಗುತ್ತಿದ್ದಾರೆ, ಮುದುಕರು, ಮಗು ಎತ್ತಿಕೊಂಡವರು, ಇಲ್ಲಿ ಯಾವ ಕುರ್ಚಿಯೂ ಬರುವುದಿಲ್ಲ. ಮಂಗಳವಾರ ಹೀಗೆ ಇರ್ಲಿಲ್ಲ, ಅಮ್ಮ ಅಂದಳು, ಯಾರಿಗೋ ದೂರು ಕೊಡುವವಳ ಹಾಗೆ, ಮಂಗಳವಾರ ಒಂದೇ ಬೋಟಿತ್ತು. ಮೊದಲ ಬೋಟು ಹೇಗೋ ಆಯಿತು, ಎರಡನೆಯದೂ, ಅಮ್ಮನ ಕೈ ನನ್ನ ಬೆನ್ನ ಮೇಲೆ, ಬಿಸಿಯಾಗಿ, ಅಂಟಿಕೊಂಡು. ವನಜಕ್ಕನನ್ನು ಬೋಟಿನವರಿಬ್ಬರು ಅಕ್ಕಿಮೂಟೆಯ ಹಾಗೆ ಎತ್ತಿ ಆಚೆ ಇಟ್ಟರು, ಅವರು ನಗುತ್ತ ಸೆರಗು ಸರಿ ಮಾಡಿಕೊಂಡು ಬೆಂಚಿನಲ್ಲಿ ಕೂತರು, ನಮ್ಮ ಕಡೆ ಮುಖ ಮಾಡಿ. ಸುಕೇಶ್ ದಾಟಿದರು. ಈಗ ನಾನು. ಎರಡು ಬೋಟುಗಳ ನಡುವೆ ಸಂದು, ಅಲೆ ಬಂದಾಗ ತೆರೆಯುತ್ತದೆ, ಚಹಾ ಬಣ್ಣದ ನೀರು, ಮುಚ್ಚುತ್ತದೆ, ಮರಕ್ಕೆ ಮರ ತಾಗಿ ಹಲ್ಲು ಕಡಿದ ಸದ್ದು, ತೆರೆಯುತ್ತದೆ. ರುಕೋ, ಬೋಟಿನವನು ಅಂದ, ಅಭೀ ನಹೀ, ಈಗಲ್ಲ. ಬಲಗಾಲು ಮೊದಲು ಇಟ್ಟರೆ ಆ ಒಂದು ಕ್ಷಣ ಎಡಗಾಲು ಒಂದೇ ನನ್ನನ್ನು ಹೊರಬೇಕು, ಎಡಗಾಲು ಮೊದಲು ಇಟ್ಟರೆ ಇಳಿಯುವುದು ಅದರ ಮೇಲೆಯೇ, ಎರಡರಲ್ಲೂ ಲೆಕ್ಕ ತಪ್ಪುತ್ತದೆ, ಘಾಟ್ಕೋಪರಿನಲ್ಲಿ ನಾನು ಲೆಕ್ಕ ಹಾಕಿರಲಿಲ್ಲ, ಹಾರಿದ್ದೆ, ಬಿದ್ದ ಮೇಲೆ ಕಂಡದ್ದು ಹಳಿಯ ಪಕ್ಕದಲ್ಲಿ ನನ್ನದೇ ಒಂದು ಚಪ್ಪಲಿ, ನೆಟ್ಟಗೆ ಇಟ್ಟ ಹಾಗೆ, ಇನ್ನೇನು ನಡೆದುಹೋಗುವ ಹಾಗೆ. ಅಭೀ, ಅಂದ ಬೋಟಿನವನು. ನಾನು ಅಲ್ಲೇ ಇದ್ದೆ. ಸಂದು ತೆರೆಯಿತು.

ಸುಕೇಶ್ ಅಂಚಿಗೆ ಬಂದು ಬಗ್ಗಿ ಕೈ ಚಾಚಿದರು, ಅಗಲವಾದ ಕೈ, ಬೆರಳಿನಲ್ಲಿ ಹಳೆಯ ಸುಟ್ಟ ಗಾಯದ ಗುರುತು, ದನಿ ತಗ್ಗಿಸಿ, ತುಂಬ ಮೃದುವಾಗಿ, ಹೆದರ್ಬೇಡಿ ಶ್ರಾವ್ಯಾ. ಸೊಂಟದ್ದು ನಮಗೆ ಗೊತ್ತುಂಟು. ಸೀನಣ್ಣ ಮೊದಲೇ ಹೇಳಿದ್ದಾರೆ. ನಮ್ಮಮ್ಮನಿಗೆ ಒಮ್ಮೆ ನೋಡ್ಬೇಕಿತ್ತು, ಎಷ್ಟು ಉಂಟು ಅಂತ, ಅಷ್ಟೇ. ಅಂಥಾದ್ದೇನಿಲ್ಲ. ಬನ್ನಿ. ಬೆನ್ನ ಮೇಲಿನ ಅಮ್ಮನ ಕೈ ಇಲ್ಲವಾಯಿತು. ತಿರುಗಿ ನೋಡಲಿಲ್ಲ, ನೋಡಿದರೆ ಅವಳ ಮುಖ ನೋಡಬೇಕಾಗುತ್ತಿತ್ತು, ಗ್ರಿಲ್‌ನಲ್ಲಿ ಬ್ಯಾಂಡೇಜು ಒಣಹಾಕುವಾಗ ಎಷ್ಟು ಜಾಗ್ರತೆಯಿಂದ ಸುಕ್ಕು ಬಿಡಿಸಿದ್ದಳು, ಎಷ್ಟು ಜಾಗ್ರತೆಯಿಂದ. ಬೆಳಗಿನಿಂದ, ಪಾಪ ಎಡಗಾಲಾ, ನೋವುಂಟಾ, ಆ ಕಂಬ, ಈ ಕಂಬ, ನ್ಯಾಚುರಲ್ ಬರ್ಲಿ, ಅವರು ಬೀಕರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಬೀಕರು ತಾನು ಬಣ್ಣ ಹಾಕಿಕೊಂಡು ಕೂತಿತ್ತು. ಸಾಂಬಾರಿನ ನಗು, ಅದೂ ಗೊತ್ತಿದ್ದೇ ನಕ್ಕದ್ದು. ಒಳ್ಳೆಯವರು, ಈಗಲೂ ಕೈ ಚಾಚಿಯೇ ಇದ್ದಾರೆ. ಅವರ ಹೆಗಲಾಚೆ ವನಜಕ್ಕ, ಕಣ್ಣು ನನ್ನ ಮುಖದ ಮೇಲಿಲ್ಲ. ಎಷ್ಟು ಕಂಡಿತು ಆಂಟಿ, ಕೇಳಿದೆ, ಜೋರಾಗಿ, ಎಂಜಿನ್ನಿನ ಸದ್ದಿನ ಮೇಲೆ, ಅಳೆದದ್ದು ಎಷ್ಟು ಬಂತು. ಬೆಂಚಿನಲ್ಲಿ ಕೂತವರೆಲ್ಲ ತಿರುಗಿದರು. ವನಜಕ್ಕ ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡರು. ಕಾಲಿಗೇನೋ ತಣ್ಣಗೆ ತಾಗಿತು, ಸಿಕ್ಕಿಸಿದ ತುದಿ ಬಿಟ್ಟುಕೊಂಡಿತ್ತು, ಬ್ಯಾಂಡೇಜು ಸುತ್ತು ಸುತ್ತಾಗಿ ಬಿಚ್ಚಿ ಬೋಟಿನ ಅಂಚಿನಿಂದ ಕೆಳಗೆ ಇಳಿದಿದೆ, ಒಂದು ತುದಿ ನನ್ನ ಪಾದದಲ್ಲಿ, ಇನ್ನೊಂದು ಸಂದಿನಲ್ಲಿ, ನೀರಿನ ಬಣ್ಣದ ಮೇಲೆ ಅದೇ ಬಣ್ಣ, ಬೋಟುಗಳು ಮುಚ್ಚುತ್ತವೆ, ಕಚ್ಚಿ ಹಿಡಿಯುತ್ತವೆ, ಪಾದ ಜಗ್ಗುತ್ತದೆ, ಅಭೀ, ಯಾರೋ ಅನ್ನುತ್ತಾರೆ, ಚಾಚಿದ ಕೈ, ತೆರೆಯುತ್ತದೆ, ಬಟ್ಟೆ ನೀರಿನಲ್ಲಿ ಉದ್ದಕ್ಕೆ ತೇಲುತ್ತದೆ, ಮುಳುಗುವುದಿಲ್ಲ, ಮುಚ್ಚುತ್ತದೆ, ಕಚ್ಚುತ್ತದೆ, ತೆರೆಯುತ್ತದೆ, ಸಂದು, ಒಬ್ಬಳು ಹೆಂಗಸಿನಷ್ಟು ಅಗಲ, ಮುಚ್ಚುತ್ತದೆ, ತೆರೆಯುತ್ತದೆ