ಗೋಡೆಯ ಮೇಲಿನ ಫಾರ್ಮಸಿಸ್ಟ್

"ಏ ಫೋಟೋ! ಎಲ್ಲಿ ಸತ್ತೆ? ಕೋಟು ಹಾಕ್ಕೊಂಡು ಬಾರೇ ಈಚೆ! ಇನ್ಸ್‌ಪೆಕ್ಟರ್ ಜೀಪು ತಿರುವಲ್ಲಿ ನಿಂತಿದೆ!"

ಮೆಡಿಕಲ್ ಶಾಪಿನ ಧಣಿಯ ಕೂಗು ಕಪಾಟುಗಳನ್ನು ದಾಟಿ ಹಿಂದಿನ ಕೋಣೆಗೆ ಬಂದಾಗ ಅವಳು ಅದೇ ಧಣಿಯ ಊಟದ ಡಬ್ಬಿ ಉಜ್ಜುತ್ತಿದ್ದಳು. ಕೈಗೆ ಹತ್ತಿದ ನೊರೆಯನ್ನು ಸೆರಗಿಗೆ ಒರೆಸಿ, ಮೊಳೆಯ ಮೇಲಿದ್ದ ಬಿಳಿ ಕೋಟು ತೆಗೆದು ತೊಟ್ಟಳು. ಯಾರೋ ಗಂಡಸಿನ ಅಳತೆಗೆ ಹೊಲಿಸಿದ ಕೋಟು. ತೋಳು ಅವಳ ಬೆರಳನ್ನೂ ನುಂಗಿ ಇಳಿಬೀಳುತ್ತಿತ್ತು. ಅವಳು ಕೌಂಟರಿಗೆ ಬರುವಷ್ಟರಲ್ಲಿ ಧಣಿಯ ಬಾಮೈದ ಸ್ಟೂಲಿನಿಂದ ಇಳಿದು ಆಚೆ ಕಡೆಗೆ ಹೋಗಿ, ಕೆಮ್ಮುತ್ತಾ ಗಿರಾಕಿಯಂತೆ ನಿಂತಿದ್ದ. ದಿನವಿಡೀ ಮಾತ್ರೆ ಕತ್ತರಿಸಿ ಕೊಡುವವನು ಅವನೇ. ಎರಡು ಸಲ ಫೇಲಾಗಿ ಓದಿಗೆ ಕೈಮುಗಿದವನು.

ಔಷಧಿ ಇಲಾಖೆಯ ಇನ್ಸ್‌ಪೆಕ್ಟರ್ ಬಂದ. ಕಪಾಟು ನೋಡಲಿಲ್ಲ, ಫ್ರಿಜ್ಜಿನ ಬಾಗಿಲು ತೆಗೆಸಲಿಲ್ಲ. ಗೋಡೆ ನೋಡಿದ, ಅವಳ ಮುಖ ನೋಡಿದ, ಮತ್ತೆ ಗೋಡೆ ನೋಡಿದ. ಚೌಕಟ್ಟಿನೊಳಗಿನ ಸರ್ಟಿಫಿಕೇಟಿನ ಮೂಲೆಯಲ್ಲಿದ್ದ ಮುಖವೂ ಎದುರಿಗೆ ನಿಂತ ಮುಖವೂ ಒಂದೇ ಎಂದು ಖಾತ್ರಿಯಾದ ಮೇಲೆ ಆಕಳಿಸಿದ.

"ಫೋಟೋದಲ್ಲಿ ಸ್ವಲ್ಪ ಬೆಳ್ಳಗೆ ಕಾಣ್ತೀಯಲ್ಲಮ್ಮ."

"ಸ್ಟುಡಿಯೋದವನ ಧಾರಾಳ ಸಾರ್," ಎಂದು ಧಣಿ ಹೊಟ್ಟೆ ಕುಲುಕಿಸಿ ನಕ್ಕ. ಗಿರಾಕಿ ವೇಷದ ಬಾಮೈದನಿಗೂ ನಗು ತಡೆಯಲಾಗಲಿಲ್ಲ.

ಹೋಗುವಾಗ ಇನ್ಸ್‌ಪೆಕ್ಟರ್, ಹೆಂಡತಿಗೆ ನಿದ್ದೆಯೇ ಹತ್ತುವುದಿಲ್ಲ ಎಂದು ಗೊಣಗಿದ. ಧಣಿ ನಿದ್ದೆ ಮಾತ್ರೆಯ ಪಟ್ಟಿಗಳನ್ನು ಅವನ ಜೇಬಿಗೇ ಇಳಿಬಿಟ್ಟ. ಡಾಕ್ಟರ ಚೀಟಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಜೀಪು ಹೊರಟ ಸದ್ದು ಕೇಳುತ್ತಲೇ ಧಣಿ ಅವಳತ್ತ ತಿರುಗಿದ.

"ಬಿಚ್ಚಿಡು ಕೋಟು. ಬೆವರು ವಾಸನೆ ಹಿಡಿದ್ರೆ ಆಮೇಲೆ ಹೋಗಲ್ಲ ಅದು."

ಅಂಗಡಿಯಲ್ಲಿ ಅವಳಿಗೆ ಫೋಟೋ ಎಂಬುದೇ ಹೆಸರು. ಫಾರ್ಮಸಿ ಓದಿ ಪಾಸಾದವರು ಇಲ್ಲದೆ ಔಷಧಿ ಮಾರುವಂತಿಲ್ಲ, ಅವರ ಸರ್ಟಿಫಿಕೇಟು ಬಂದವರಿಗೆಲ್ಲ ಕಾಣುವಂತೆ ತೂಗುಹಾಕಿರಬೇಕು ಎನ್ನುತ್ತದೆ ಕಾನೂನು. ಮಿಕ್ಕ ಕಾನೂನುಗಳನ್ನೆಲ್ಲ ಧಣಿ ಜೇಬಿಗೆ ಹಾಕಿಕೊಂಡಿದ್ದ. ಇದೊಂದನ್ನು ಮಾತ್ರ ಗೋಡೆಗೆ ಹಾಕಿದ್ದ.

ಅವಳಪ್ಪ ಮೋರಿ ಇಳಿಯುವವನು. ಊರು ಹೊಟ್ಟೆಯಿಂದ ಬಿಟ್ಟದ್ದನ್ನೆಲ್ಲ ಎದೆಮಟ್ಟ ನಿಂತು ಬಾಚಿ, ಮಗಳನ್ನು ಓದಿಸಿದವನು. ಅವಳು ಪಾಸಾದ ದಿನ ಮೋರಿ ಹಿಂದಿನ ಕೇರಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ಕೆನ್ನೆ ಹಿಂಡಿ ಹೋಗಿದ್ದರು. ಇನ್ನು ಮೇಲೆ ಮಾತ್ರೆ ಕೇಳಿದರೆ ಮುಖ ಸಿಂಡರಿಸದೆ ಕೊಡುವವಳು ಒಬ್ಬಳಿದ್ದಾಳೆ ಎಂಬ ಧೈರ್ಯ ಅವರಿಗೆ. ಆದರೆ ಕೆಲಸ ಕೇಳಿಕೊಂಡು ಹೋದ ಅಂಗಡಿಗಳವರು ಅವಳನ್ನು ಕೇಳಲಿಲ್ಲ, ಸರ್ಟಿಫಿಕೇಟು ಕೇಳಿದರು. ಬಿಟ್ಟು ಹೋಗು, ಅದರ ಬಾಡಿಗೆ ದುಡ್ಡು ಮನೆಗೇ ಬರುತ್ತೆ, ಮುಖ ಮಾತ್ರ ತೋರಿಸಬೇಡ ಅಂದರು. ದಿನಾ ಬಾ ಅಂದವನು ಈ ಧಣಿ ಒಬ್ಬನೇ. ಅವಳು ಹಿಗ್ಗಿ ಹೋಗಿದ್ದಳು. ಮೊದಲ ದಿನವೇ ಅವಳ ಕೈಗೆ ಪೊರಕೆ ಬಂತು.

"ತಪ್ಪು ತಿಳ್ಕೋಬೇಡಮ್ಮ. ಬಾಯಿಗೆ ಹಾಕ್ಕೊಳ್ಳೋ ವಸ್ತು ನೋಡು ಇದು. ನಿಮ್ಮ ಮನೆಕಡೆ ಕೆಲಸ ಏನು ಅಂತ ಗಿರಾಕಿಗಳಿಗೆ ಗೊತ್ತು. ನಂಗೇನೂ ಇಲ್ಲ, ಅವರಿಗೆ ಅಸಹ್ಯ ಆಗುತ್ತೆ," ಎಂದು ಧಣಿ ಬಹಳ ಮರ್ಯಾದೆಯಿಂದ ಬಿಡಿಸಿ ಹೇಳಿದ್ದ.

ಒಮ್ಮೆ ಅಪ್ಪ ಗೋಡೆಯ ಮೇಲಿನ ಮಗಳನ್ನು ನೋಡಲು ಬಂದಿದ್ದ. ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬಂದವನು ಮೆಟ್ಟಿಲಿನ ಮೇಲೆಯೇ ನಿಂತ. ಕತ್ತು ಚಾಚಿ ಚೌಕಟ್ಟು ನೋಡಿ, ಹಲ್ಲು ಬಿಟ್ಟ. ಅವನು ಬೆನ್ನು ತಿರುಗಿಸಿ ಇನ್ನೂ ರಸ್ತೆಗೆ ಕಾಲಿಟ್ಟಿರಲಿಲ್ಲ, ಬಾಮೈದ ಫಿನಾಯಿಲ್ ಬಾಟಲಿ ತಂದು ಮೆಟ್ಟಿಲಿಗೆ ಸುರಿದ. ಆ ವಾಸನೆ ಅಪ್ಪನ ಮೂಗಿಗೆ ಬಡಿಯದೆ ಇರಲು ಸಾಧ್ಯವೇ ಇರಲಿಲ್ಲ. ಮೆಟ್ಟಿಲು ಒರೆಸಿದವಳು ಅವಳೇ. ಸಂಜೆ ಮನೆಯಲ್ಲಿ ಅಪ್ಪ ಅಂದ:

"ಅಂಗಡಿ ಎಷ್ಟು ಕ್ಲೀನಾಗಿ ಇಟ್ಟಿದಾರೆ ಅಲ್ವೇನವ್ವ."



ಹೀಗಿರುವಾಗ ಒಂದು ಮಧ್ಯಾಹ್ನ ಚಿಕ್ಕಮ್ಮ ಅಂಗಡಿಗೆ ಬಂದಳು. ಅವಳ ಗಂಡ, ಚಿಕ್ಕಪ್ಪ, ಮೋರಿ ಕೆಲಸದಲ್ಲಿ ಅಪ್ಪನ ಜೊತೆಗಾರ. ಒಬ್ಬ ಗುಂಡಿಗೆ ಇಳಿದರೆ ಇನ್ನೊಬ್ಬ ಮೇಲೆ ಹಗ್ಗ ಹಿಡಿಯುವವನು. ಅವನಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆ ನುಂಗುತ್ತಿದ್ದರೆ ಅದು ಹತ್ತಿರ ಸುಳಿಯುತ್ತಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಿದ್ದ ಮಾತ್ರೆ ಈ ಸಲ ಅಲ್ಲಿ ಮುಗಿದುಹೋಗಿತ್ತು.

"ಏನಿದು?" ಚಿಕ್ಕಮ್ಮ ಚಾಚಿದ ಚೀಟಿಯನ್ನು ಬಾಮೈದ ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿದ. "ಓಬೀರಾಯನ ಕಾಲದ ಚೀಟಿ. ಇದಕ್ಕೆ ಔಷಧಿ ಕೊಡಕ್ಕಾಗಲ್ಲ. ಕಾನೂನು ಇದೆ. ಹೋಗು, ಹೊಸದು ಬರೆಸ್ಕೊಂಡು ಬಾ."

"ಡಾಕ್ಟ್ರು ಇದೇ ಸಾಕು ಅಂದ್ರಪ್ಪ. ಮಾತ್ರೆ ಇವತ್ತಿಗೇ ಮುಗೀತು. ನಾಳೆ ಅವ್ರು ಕೆಲಸಕ್ಕೆ ಇಳೀಬೇಕು."

"ಇಳೀಲಿ ಬಿಡು, ನಾನೇನು ಅಡ್ಡ ಬಂದ್ನಾ? ಚೀಟಿ ಇಲ್ದೆ ಮಾತ್ರೆ ಕೊಟ್ರೆ ನಮ್ಮನ್ನ ಒಳಗೆ ಹಾಕ್ತಾರೆ."

ಇಷ್ಟು ಹೇಳಿ ಮುಗಿಸುವ ಮೊದಲೇ ಬಾಗಿಲಿಗೆ ಕಾರೊಂದು ಬಂದು ನಿಂತಿತು. ಗಾಜು ಇಳಿಯಿತು. ಒಂದು ಬೆರಳು ಆಡಿತು. ಬಾಮೈದ ಓಡಿಹೋಗಿ ಒಂದು ಪೊಟ್ಟಣವನ್ನು ಕೊಟ್ಟು, ಕಾರು ಮರೆಯಾಗುವ ತನಕ ಬಗ್ಗಿಯೇ ನಿಂತಿದ್ದು ಬಂದ. ಅದೂ ನಿದ್ದೆ ಮಾತ್ರೆಯೇ. ಕಾನೂನಿಗೆ ಕಾರಿನ ನಂಬರು ಬಾಯಿಪಾಠ ಬರುತ್ತಿತ್ತು.

ಅವಳು ಹಿಂದಿನ ಕೋಣೆಯಿಂದ ಎದ್ದು ಬಂದಳು. ಚೀಟಿ ನೋಡಿದಳು.

"ಇದು ನಡೆಯುತ್ತೆ. ಆರು ತಿಂಗಳು ಇದೇ ಚೀಟಿಗೆ ಕೊಡಿ ಅಂತ ಡಾಕ್ಟ್ರೇ ಕೆಳಗೆ ಬರೆದಿದಾರೆ. ಕೊಡಿ ಅದನ್ನ."

ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ತಿರುಗಿ ನೋಡಿದರು. ಧಣಿಯ ಮುಖ ಕೆಂಪಗಾಯಿತು.

"ಯಾರೇ ನಿನ್ನ ಕರೆದೋರು? ನಾಲ್ಕಕ್ಷರ ಕಲಿತುಬಿಟ್ರೆ ಕೌಂಟರಿಗೆ ಬಂದುಬಿಡ್ತೀರಲ್ಲೇ, ನೊಣ ಬಂದ ಹಾಗೆ. ನಿನಗೆ ಜಾಗ ಕೊಟ್ಟಿದೀನಿ ಅಲ್ಲಿ, ಗೋಡೆ ಮೇಲೆ. ಅಲ್ಲೇ ಬಿದ್ದಿರು. ಹೋಗು ಒಳಗೆ!"

ಅವಳು ನಿಂತೇ ಇದ್ದಳು. ಧಣಿ ಕೌಂಟರಿನ ಮೇಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಎತ್ತಿ ಅವಳ ಎದೆಗೆ ಎಸೆದ. ಅವಳು ಒಳಗೆ ಹೋದಳು. ಹೋಗುವಾಗ ಚಿಕ್ಕಮ್ಮನ ಕಣ್ಣು ತಪ್ಪಿಸಿದಳು.

"ಏನಾದ್ರೂ ಕೊಟ್ಟು ಸಾಗಹಾಕೋ ಇವಳನ್ನ, ಜನ ಕಾಯ್ತಿದಾರೆ," ಎಂದು ಧಣಿ ಹೇಳಿದ್ದು ಅವಳಿಗೆ ಕೇಳಿಸಿತು. ಬಾಮೈದ ಏನು ಕೊಟ್ಟ ಎಂಬುದು ಗೋಡೆಯಾಚೆಗೆ ಕಾಣಿಸಲಿಲ್ಲ. ಚಿಕ್ಕಮ್ಮ "ಒಳ್ಳೇದಾಗ್ಲಿ ಕಣಪ್ಪ" ಎಂದದ್ದು ಕೇಳಿಸಿ, ಅಂತೂ ಸಿಕ್ಕಿತಲ್ಲ ಎಂದು ಅವಳು ಮತ್ತೆ ಪಾತ್ರೆಗೆ ಕೈಹಾಕಿದಳು.

ಆ ವಾರವೇ ಮಾರುಕಟ್ಟೆ ಹಿಂದಿನ ಗುಂಡಿಯಲ್ಲಿ ಚಿಕ್ಕಪ್ಪ ಸತ್ತ. ಸೊಂಟದ ಮಟ್ಟಕ್ಕೂ ಬಾರದ ಕೊಚ್ಚೆಯಲ್ಲಿ. ಅಪ್ಪ ಮೇಲೆ ಹಗ್ಗ ಹಿಡಿದು ನಿಂತಿದ್ದ.

"ಹಗ್ಗ ಅಲ್ಲಾಡ್ತು," ಎಂದು ಅಪ್ಪ ಕೇರಿಯಲ್ಲಿ ಬಂದವರಿಗೆಲ್ಲ ಒಂದೇ ಸಮನೆ ಹೇಳುತ್ತಿದ್ದ. "ಜಗ್ತಾನೆ ಅಂದ್ಕೊಂಡೆ, ಇನ್ನಷ್ಟು ಸಡಿಲ ಬಿಡು ಅಂತಾನೆ ಅಂದ್ಕೊಂಡೆ. ಸಡಿಲ ಬಿಟ್ಟೆ. ಫಿಟ್ಸ್ ಬಂದಿತ್ತಂತೆ ಅವನಿಗೆ. ನಾನು ಸಡಿಲ ಬಿಟ್ಟುಬಿಟ್ಟೆ ಕಣ್ರೋ."

ಚಿಕ್ಕಪ್ಪನ ಬಾಯಿಯ ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತಿದ್ದ ಚಿಕ್ಕಮ್ಮ, ಅವಳನ್ನು ಕಂಡು ಮಾತ್ರೆ ಪಟ್ಟಿಯನ್ನು ಅವಳ ಮಡಿಲಿಗೆ ಎಸೆದಳು.

"ತಪ್ಪದೆ ನುಂಗಿಸಿದೀನಿ. ಒಂದು ಹೊತ್ತೂ ಬಿಟ್ಟಿಲ್ಲ. ಆದ್ರೂ ಯಾಕೆ ಬಂತೇ?"

ಅವಳು ಪಟ್ಟಿಯನ್ನು ತಿರುಗಿಸಿ ಹೆಸರು ಓದಿದಳು. ಅದು ಹೊಟ್ಟೆಯುರಿಯ ಮಾತ್ರೆ.

"ಯಾರು ಕೊಟ್ಟಿದ್ದು ಇದನ್ನ?"

"ಅವನೇ, ಸ್ಟೂಲ್ ಮೇಲೆ ಕೂತ್ಕೊಳ್ಳೋ ಹಂದಿ. ನಂಗೆ ಓದಕ್ಕೆ ಬರುತ್ತಾ? ನೀನು ಒಳಗಿದೀಯಲ್ಲ ಅಂತ ನಂಬಿ ತಂದೆ ಕಣೇ."

ಪಟ್ಟಿಯನ್ನೂ ಚೀಟಿಯನ್ನೂ ನೋಡಿದ ಆಸ್ಪತ್ರೆಯ ಡಾಕ್ಟರು ದೂರು ಬರೆದು ಕಳಿಸಿದರು. ಇನ್ಸ್‌ಪೆಕ್ಟರ್ ವಿಚಾರಣೆಗೆ ಬರುತ್ತಾನೆ ಎಂದು ಗೊತ್ತಾಗಿ ಚಿಕ್ಕಮ್ಮನ ಹಿಂದೆ ಕೇರಿಗೆ ಕೇರಿಯೇ ಅಂಗಡಿಯ ಮುಂದೆ ನೆರೆಯಿತು. ಅಪ್ಪ ಕೆಲಸದ ನಡುವೆಯೇ ಎದ್ದು ಬಂದಿದ್ದ, ಮೊಣಕಾಲ ತನಕ ಕೆಸರು. ಅವರಲ್ಲಿ ಯಾರನ್ನೂ ಒಳಗೆ ಬಿಡಲಿಲ್ಲ. ಇನ್ಸ್‌ಪೆಕ್ಟರ್ ಸ್ಟೂಲಿನ ಮೇಲೆ ಕೂತು, ಧಣಿ ತರಿಸಿದ ಚಹಾ ಹೀರುತ್ತಾ, ಕೋಟು ತೊಟ್ಟು ನಿಂತಿದ್ದ ಅವಳನ್ನು ಕೇಳಿದ.

"ಯಾಕಮ್ಮ ಹೀಗೆ ಮಾಡಿದೆ?"

"ನಾನು ಮಾಡ್ಲಿಲ್ಲ ಸಾರ್. ಕೊಟ್ಟೋರು ಅವರು," ಎಂದು ಬಾಮೈದನನ್ನು ತೋರಿಸಿದಳು. ಬಾಮೈದ ಫ್ರಿಜ್ಜಿಗೆ ಒರಗಿ ಉಗುರು ಕಚ್ಚುತ್ತಿದ್ದ.

"ಅವನ್ಯಾರು? ಕಾನೂನಿನ ಪುಸ್ತಕದಲ್ಲಿ ಅವನು ಇಲ್ವೇ ಇಲ್ಲ. ಇಲ್ಲಿ ಯಾರ ಕೈ ಆಡಿದ್ರೂ ಅದು ನಿನ್ನ ಕೈ. ಯಾರು ಏನು ಕೊಟ್ರೂ ನೀನು ಕೊಟ್ಟ ಹಾಗೆ. ಗೋಡೆ ಮೇಲೆ ಇರೋದು ಯಾರ ಹೆಸರು? ನಂದಾ?"

"ನನ್ನನ್ನ ಕೌಂಟರ್ ಮುಟ್ಟಕ್ಕೆ ಬಿಡಲ್ಲ ಸಾರ್ ಇಲ್ಲಿ. ಪಾತ್ರೆ ತೊಳೆಸ್ತಾರೆ."

"ಪಾತ್ರೆ ವಿಷಯ ನಂಗೆ ಬರಲ್ಲಮ್ಮ," ಇನ್ಸ್‌ಪೆಕ್ಟರ್ ಬೇಸರದಿಂದ ಲೋಟ ಇಟ್ಟ. "ಕಣ್ತಪ್ಪಾಯ್ತು ಅಂತ ಒಂದು ಮಾತು ಒಪ್ಕೋ. ಸರ್ಟಿಫಿಕೇಟು ಸ್ವಲ್ಪ ಕಾಲ ರದ್ದಾಗುತ್ತೆ. ಅಷ್ಟೇ. ಗಲ್ಲಿಗೇನೂ ಹಾಕಲ್ಲ."

"ಒಪ್ಕೊಳ್ಳೇ ಮುಂಡೇದೇ," ಧಣಿ ಹಲ್ಲು ಕಚ್ಚಿ ಪಿಸುಗುಟ್ಟಿದ. "ಪಾತ್ರೆ ಕೆಲಸ ಇದ್ದೇ ಇರುತ್ತೆ ನಿಂಗೆ. ಅನ್ನ ಹಾಕಿದ ಮನೆಗೆ ಬೆಂಕಿ ಇಡ್ಬೇಡ. ಅಷ್ಟಕ್ಕೂ ಸತ್ತವನು ಯಾರು? ಮೋರೀಲಿ ಬದುಕ್ತಿದ್ದ, ಮೋರೀಲಿ ಸತ್ತ."

ಅವಳಿಗೆ ಅಳು ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಇಷ್ಟು ದಿನ ಇವರ ಕಾಲಿನ ಸದ್ದಿಗೇ ಬೆದರುತ್ತಿದ್ದದ್ದು ನೆನೆದು ಹೇಸಿಗೆಯಾಯಿತು. ತುಟಿಯ ಮೇಲೆ ಚಹಾದ ಕೆನೆ ಮೆತ್ತಿಕೊಂಡು ಕೂತ ಒಬ್ಬ. ಉಗುರು ಕಚ್ಚಿ ಉಗುಳುವ ಇನ್ನೊಬ್ಬ. ಕಿವಿಯ ಹತ್ತಿರ ಬಾಯಿ ತಂದು ನಾರುತ್ತಿರುವ ಮತ್ತೊಬ್ಬ. ಇಷ್ಟೇ ಇವರು.

"ಸಾರ್, ಒಂದು ಕೇಳ್ಲಾ?" ಎಂದಳು.

"ಕೇಳು."

"ನಾನಿಲ್ದೆ ಈ ಅಂಗಡಿ ತೆರೆದಿರಬಹುದಾ?"

ಇನ್ಸ್‌ಪೆಕ್ಟರಿಗೆ ಕಾನೂನು ಹೇಳುವುದೆಂದರೆ ಬಲು ಪ್ರೀತಿ. "ಛೆ ಛೆ. ಫಾರ್ಮಸಿಸ್ಟ್ ಹೊರಗೆ ಕಾಲಿಟ್ರೆ ಒಂದು ಮಾತ್ರೆ ಮಾರಂಗಿಲ್ಲ. ಮುಚ್ಚಲೇಬೇಕು. ಕಾನೂನು ಅಂದ್ರೆ ಕಾನೂನು."

"ಸರಿ ಸಾರ್," ಎಂದು ಅವಳು ಕೌಂಟರಿನ ಅಡ್ಡಹಲಗೆ ಎತ್ತಿ ಈಚೆ ಬಂದಳು. ಔಷಧಿಗೆಂದು ಕಾದಿದ್ದ ಇಬ್ಬರನ್ನು "ನೀವು ಆಚೆ ಬನ್ನಿ" ಎಂದು ತೋಳು ಹಿಡಿದು ಹೊರಗೆ ಕರೆತಂದಳು. ಮೆಟ್ಟಿಲಿಳಿದು, ತಿರುಗಿ ನಿಂತು, ಕೋಟಿನ ತೋಳು ಮೇಲೆ ಮಡಿಸಿ, ಅಂಗಡಿಗಿದ್ದ ಒಂದೇ ಬಾಗಿಲಿನ ಕಬ್ಬಿಣದ ಷಟರನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು. ಅದು ಗಡಗಡನೆ ಇಳಿದು ನೆಲಕ್ಕೆ ಅಪ್ಪಳಿಸಿತು. ಧಣಿ "ಏಯ್!" ಅಂದದ್ದು ಅರ್ಧಕ್ಕೇ ತುಂಡಾಯಿತು. ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಬೀಗದಕೈ ಸಮೇತ ಪಕ್ಕದ ಕೊಂಡಿಗೆ ನೇತಾಡುತ್ತಿದ್ದ ಬೀಗವನ್ನು ಚಿಲಕಕ್ಕೆ ಒತ್ತಿ, ಬೀಗದಕೈ ಕಿತ್ತು ಚಿಕ್ಕಮ್ಮನ ಕೈಗಿಟ್ಟಳು.

ಕೇರಿಯ ಜನಕ್ಕೆ ಕ್ಷಣಹೊತ್ತು ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಷಟರಿಗೆ ಗುದ್ದು ಬಿತ್ತು.

"ತೆಗಿಯೇ ಲೌಡಿ! ಚರ್ಮ ಸುಲೀತೀನಿ!"

"ಏ ಹುಡುಗಿ, ಸರ್ಕಾರಿ ಅಧಿಕಾರಿ ಇದೀನಿ ನಾನು ಒಳಗೆ! ಇದರ ಪರಿಣಾಮ ಗೊತ್ತಾ ನಿಂಗೆ?"

ಅವಳು ಷಟರಿನ ಹತ್ತಿರ ಬಾಯಿ ತಂದು, ಮೂವರಿಗೂ ಕೇಳುವಂತೆ ಹೇಳಿದಳು.

"ಫಾರ್ಮಸಿಸ್ಟ್ ಇಲ್ಲ ಸಾರ್. ಅಂಗಡಿ ಮುಚ್ಚಿದೆ."

ಚಿಕ್ಕಮ್ಮ ಬೀಗದಕೈಯನ್ನು ಒಮ್ಮೆ ನೋಡಿದಳು. ಬಗ್ಗಿ, ಕಾಲ ಬುಡದಲ್ಲಿದ್ದ ಚರಂಡಿಯ ಕಲ್ಲಿನ ಸಂದಿಗೆ ಅದನ್ನು ಬಿಟ್ಟಳು. ತೊಪ್ ಎಂದಿತು.

"ಬೇಕಿದ್ರೆ ಇಳಿದು ತಕ್ಕೊಳ್ಳಿ ಬೋಳಿಮಕ್ಕಳಾ," ಅಂದಳು.

ಅಪ್ಪ ಜನರನ್ನು ಸರಿಸಿ ಬಂದ. ಮಗಳ ಮುಖ ನೋಡಿದ, ಕೋಟು ನೋಡಿದ. ಕೆಸರುಗಾಲಲ್ಲೇ ಮೆಟ್ಟಿಲು ಹತ್ತಿ ಷಟರಿಗೆ ಬೆನ್ನು ಕೊಟ್ಟು ಕೂತ. ಅವನ ಪಕ್ಕದಲ್ಲಿ ಅವಳು ಕೂತಳು. ಆಮೇಲೆ ಚಿಕ್ಕಮ್ಮ, ಆಮೇಲೆ ಹಗ್ಗ ಹಿಡಿಯುವವರು, ಗುಂಡಿ ಇಳಿಯುವವರು, ಒಬ್ಬೊಬ್ಬರಾಗಿ. ಎದುರಿನ ಅಂಗಡಿಯವರು ಮೂಗು ಮುಚ್ಚಿಕೊಂಡು ಫೋನು ಕೈಗೆತ್ತಿಕೊಂಡರು.

ಒಳಗಿನ ಬೈಗುಳ ಬರಬರುತ್ತಾ ಗೋಗರೆತವಾಯಿತು. ಬಾಮೈದನ ಕೀರಲು ದನಿ ಕೇಳಿತು: "ಅಣ್ಣಾ, ಯಾರಾದ್ರೂ ತೆಗೀರಣ್ಣಾ, ಕತ್ತಲೆ ಇದೆ, ಉಸಿರು ಕಟ್ತಿದೆ ಅಣ್ಣಾ..."

"ಉಸಿರು ಕಟ್ತಿದೆಯಂತೆ," ಅಂದ ಅಪ್ಪ. ಚಿಕ್ಕಪ್ಪ ಸತ್ತ ಮೇಲೆ ಅವನು ಮೊದಲ ಸಲ ನಕ್ಕ. ಆ ನಗು ಸಾಲಿನ ಉದ್ದಕ್ಕೂ ಹರಿಯಿತು.

ರಸ್ತೆಯ ತುದಿಯಲ್ಲಿ ಪೊಲೀಸ್ ಜೀಪಿನ ಸೈರನ್ ಕೇಳಿಸಿತು. ಹತ್ತಿರವಾಯಿತು. ಒಳಗಿನಿಂದ ಗುದ್ದಿದಾಗಲೆಲ್ಲ ಅವರೆಲ್ಲರ ಬೆನ್ನೂ ಒಟ್ಟಿಗೇ ಅದುರುತ್ತಿತ್ತು. ಯಾರೂ ಏಳಲಿಲ್ಲ.