ಕೆಂಪು ದಿಂಬಿನ ಮೇಲಿನ ಬೆಳ್ಳಿ

ಗಣಿ ಮುಷ್ಕರದ ವರ್ಷ ಸಾರ್ಜೆಂಟ್ ಎವರಿಸ್ತೊ ನಮ್ಮೂರಿನ ಹೆಂಗಸರನ್ನು ಠಾಣೆಗೆ ಎಳೆದೊಯ್ದು ತಲೆ ಬೋಳಿಸಿದ. ಗಂಡಂದಿರು ಎಲ್ಲಿ ಅಡಗಿದ್ದಾರೆಂದು ಅವರು ಬಾಯಿ ಬಿಡಲಿಲ್ಲ. ಚಳಿಗಾಲದ ಹೊತ್ತಿಗೆ ಅವನಿಗೆ ಪೊಲೀಸ್ ಸೇವೆಯ ಗೌರವವೆಂದು ಬೆಳ್ಳಿ ಶಿಲುಬೆಯ ಪದಕ ಬಂತು.

ಆ ಹೆಂಗಸರಲ್ಲಿ ಒಬ್ಬಳು ಒಲಿವಾ. ಆಮೇಲೆ ಅವಳು ಕೂದಲಿಗೆ ಕತ್ತರಿ ತಾಗಿಸಲೇ ಇಲ್ಲ. ಈಗ ಬಿಳಿ ಜಡೆ ಸೊಂಟ ದಾಟಿದೆ. ಮೊಮ್ಮಗಳು ಬೆಗೋನ್ಯಾ ಪೊಲೀಸ್ ಸೇರಿದಾಗ ಇಡೀ ಅಸ್ತೂರಿಯಾಸ್ ಗಣಿ ಸೀಮೆಗೇ ಅವಮಾನವಾಯಿತೆಂಬಂತೆ ಊರು ಮುಖ ಸಿಂಡರಿಸಿತು. ಒಲಿವಾ ಮಾತ್ರ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಕೊಟ್ಟಳು. ಆ ಠಾಣೆಯೊಳಗೆ ನಮ್ಮವರೂ ಒಬ್ಬರಿರಲಿ ಎನ್ನುವುದು ಅವಳ ವಾದ.

ಈ ವಸಂತದಲ್ಲಿ ಎವರಿಸ್ತೊ ತೀರಿಕೊಂಡ. ಶಿಲುಬೆ ಪಡೆದವನು ಸತ್ತರೆ, ಠಾಣೆಯಲ್ಲಿ ಎಲ್ಲರಿಗಿಂತ ಕಿರಿಯರು ಅದನ್ನು ಕೆಂಪು ಮಖಮಲ್ಲಿನ ದಿಂಬಿನ ಮೇಲಿಟ್ಟುಕೊಂಡು ಶವಪೆಟ್ಟಿಗೆಯ ಮುಂದೆ ನಡೆಯುವುದು ಪದ್ಧತಿ. ಕಿರಿಯಳು ಬೆಗೋನ್ಯಾ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ; ಅದಕ್ಕೆ ಠಾಣೆಯ ಮುಖ್ಯಸ್ಥ ಕ್ಯಾಪ್ಟನ್ ಒಪ್ಪಬೇಕಿತ್ತು.

ಶವಯಾತ್ರೆಯ ಹಿಂದಿನ ದಿನ ಮಧ್ಯಾಹ್ನ ಬಿಳಿ ಕಾಳಿನ ಸಾರು ಬಡಿಸುತ್ತಾ ಒಲಿವಾ ಅಂದಳಂತೆ:

"ಹೊತ್ಕೊಂಡು ಹೋಗೇ. ನನ್ ಕೂದಲು ಮತ್ತೆ ಬಂತು. ಅವನೇ ಬೋಳನಾಗಿ ಸತ್ತ. ನಿನ್ ಕೆಲಸ ಹೋದ್ರೆ ಮತ್ತೆ ಬರುತ್ತಾ?"

ಬೆಗೋನ್ಯಾ ನಗಲು ಹೋದಳು, ಆಗಲಿಲ್ಲ. ಮಾತಾಡುತ್ತಲೇ ಅಜ್ಜಿ ನೆತ್ತಿಯನ್ನು ಅಂಗೈಯಿಂದ ಮುಚ್ಚಿಕೊಂಡದ್ದು ಅವಳ ಕಣ್ಣಿಗೆ ಬಿದ್ದಿತ್ತು.

ಚರ್ಚಿನ ಅಂಗಳದಲ್ಲಿ ನಾವೆಲ್ಲ ಸೇರಿದ್ದೆವು, ದುಃಖಕ್ಕಲ್ಲ. ಕ್ಯಾಪ್ಟನ್ ದಿಂಬು ಚಾಚಿದ. ಇದನ್ನು ಅವನಿಗೆ ಯಾಕೆ ಕೊಟ್ಟಿದ್ದು ಎಂದು ಬೆಗೋನ್ಯಾ ಕೇಳಿದಳು. ಸುವ್ಯವಸ್ಥೆ ಕಾಪಾಡಿದ್ದಕ್ಕೆ ಎಂದ ಅವನು. ಹಳೇ ಕತೆ ಬೇಡ, ಸತ್ತವರಿಗೆ ಮರ್ಯಾದೆ ಕೊಡು ಎಂದ.

"ಬದುಕಿರೋರಿಗೆ ಯಾವಾಗ ಕೊಡೋದು, ಸರ್? ನಮ್ಮಜ್ಜಿ ತಲೆ ಬೋಳಿಸಿದ್ದಕ್ಕೆ ಬಂದಿರೋ ಬೆಳ್ಳಿ ಇದು. ನಾನು ಹೊರಲ್ಲ. ಸಮವಸ್ತ್ರ ಬೇಕಾದ್ರೆ ಬಿಚ್ಚಿಸ್ಕೊಳ್ಳಿ."

ಗುಂಪಿನ ಅಂಚಿನಲ್ಲಿ ಒಲಿವಾ ತಲೆವಸ್ತ್ರ ತೆಗೆದಳು. ಜಡೆ ಬೆನ್ನ ಮೇಲೆ ಇಳಿಬಿತ್ತು. ಅವಳ ಪಕ್ಕದಲ್ಲಿ ಮತ್ತೊಬ್ಬ ಮುದುಕಿ ತನ್ನದನ್ನೂ ತೆಗೆದಳು.

ಕ್ಯಾಪ್ಟನ್ ದಿಂಬನ್ನು ಹವಾಲ್ದಾರ ಸೆಕುಂದಿನೊ ಕಡೆ ತಿರುಗಿಸಿದ. ಸೆಕುಂದಿನೊ ಎಂದರೆ ಜೀವಮಾನದಲ್ಲಿ ಯಾವ ಆಜ್ಞೆಗೂ ಎದುರಾಡದವನು. ನಾವು ಅವನನ್ನು ಗೋಣುಬಸವ ಎಂದು ಆಡಿಕೊಳ್ಳುತ್ತಿದ್ದೆವು.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾನೂ ಹೊರಲ್ಲ, ಸರ್. ನೀವೇ ಹೊತ್ಕೊಳ್ಳಿ."